ಗಣಕಯಂತ್ರದ ಮನೆವಾರ್ತೆ

೧

ಮನೆ ನಡೆಸುವುದನ್ನೇ ಆಟವಾಗಿ ಆಡುವ ವಾಡಿಕೆ ಕನ್ನಡನಾಡಿಗೆ ಹೊಸದಲ್ಲ. ಮಣ್ಣಿನಲ್ಲಿ ಗೆರೆಯೆಳೆದು ಪಡಸಾಲೆ, ಅಡುಗೆಮನೆ, ಬಚ್ಚಲುಗಳನ್ನು ಗುರುತಿಸಿ, ಕರಟದಲ್ಲಿ ಮರಳಿನ ಅನ್ನವನ್ನು ಬೇಯಿಸಿ, ಎಲೆಯ ಮೇಲೆ ಬಡಿಸುವ ಮಕ್ಕಳ ಆಟವನ್ನು ನೋಡದವರಿಲ್ಲ. ನವರಾತ್ರಿಯಲ್ಲಿ ಪಟ್ಟದ ಗೊಂಬೆಗಳ ಜೊತೆಗೆ ಅಂಗಡಿಯಿಟ್ಟ ಶೆಟ್ಟಿಯೂ ಮದುವೆಯ ದಿಬ್ಬಣವೂ ಕಾಣಬರುತ್ತವೆ. ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪-೧೮೬೮) ಆಟಗಳನ್ನು ವಿದ್ಯೆಯೆಂದೇ ಎಣಿಸಿ, ‘ಶ್ರೀತತ್ತ್ವನಿಧಿ’ಯಲ್ಲಿ ಕೌತುಕನಿಧಿಯೆಂಬ ಭಾಗವನ್ನು ಅವುಗಳಿಗೆ ಮೀಸಲಿಟ್ಟರು. ಪರಮಪದ ಸೋಪಾನಪಟದ ಏಣಿಗಳೂ ಹಾವುಗಳೂ ಪುಣ್ಯಪಾಪಗಳ ಫಲವನ್ನು ಹೇಳುತ್ತವೆ. ಆಟವು ತನ್ನ ನಿಯಮಗಳಿಂದಲೇ ಒಂದು ಲೋಕದೃಷ್ಟಿಯನ್ನು ಪ್ರತಿಪಾದಿಸಬಲ್ಲುದು. ಆದುದರಿಂದ ಆಟವೊಂದನ್ನು ಕೃತಿಯೆಂದು ಭಾವಿಸಿ ವಿಮರ್ಶಿಸುವುದು ಅನುಚಿತವಾಗಲಾರದು.

ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿರುವ ಕೃತಿ ‘ದಿ ಸಿಮ್ಸ್’. ಅಮೆರಿಕದ ವಿಲ್ ರೈಟ್ ಎಂಬಾತನ ಕಲ್ಪನೆಯಿಂದ ಮ್ಯಾಕ್ಸಿಸ್ ಸಂಸ್ಥೆಯಲ್ಲಿ ಸಿದ್ಧವಾದ ಈ ಗಣಕಯಂತ್ರದ ಆಟವು ೨೦೦೦ದಲ್ಲಿ ಪ್ರಕಟವಾಯಿತು. ೨೦೦೪, ೨೦೦೯, ೨೦೧೪ರಲ್ಲಿ ಇದರ ಎರಡನೆಯ, ಮೂರನೆಯ, ನಾಲ್ಕನೆಯ ರೂಪಗಳು ಹೊರಬಂದವು. ಮೊದಲನೆಯದರಲ್ಲಿ ಮಕ್ಕಳು ದೊಡ್ಡವರಾಗುವುದಿಲ್ಲ, ದೊಡ್ಡವರು ಮುದುಕರಾಗುವುದಿಲ್ಲ. ಎರಡನೆಯದರಿಂದ ಮುಪ್ಪೂ ಪೀಳಿಗೆಗಳೂ ಬಂದವು. ಮುಂದಿನ ವಿವೇಚನೆ ಮುಖ್ಯವಾಗಿ ಮೊದಲ ರೂಪವನ್ನು ಕುರಿತದ್ದು. ಕೃತಿಯ ಮೂಲತತ್ತ್ವ ಸ್ಪಷ್ಟವಾಗಿ ತೋರುವುದು ಅದರಲ್ಲಿಯೇ.

೨

ಆಟದ ಕ್ರಮ ಹೀಗಿದೆ. ಆಟಗಾರನು ಒಂದು ಕುಟುಂಬವನ್ನು ಸೃಷ್ಟಿಸುತ್ತಾನೆ. ಅದರಲ್ಲಿ ಎಂಟು ಮಂದಿಗಿಂತ ಹೆಚ್ಚು ಇರಲಾಗದು. ಕೈಗೆ ೨೦,೦೦೦ ನಾಣ್ಯಗಳು ಬರುತ್ತವೆ. ಅದರಿಂದ ನಿವೇಶನವನ್ನು ಕೊಂಡು, ಗೋಡೆಯೆಬ್ಬಿಸಿ, ಒಲೆ, ಮಂಚ, ಕುರ್ಚಿಗಳನ್ನು ತಂದಿಡಬೇಕು. ಪ್ರತಿಯೊಬ್ಬ ವ್ಯಕ್ತಿಗೂ ಎಂಟು ಅಗತ್ಯಗಳಿವೆ: ಹಸಿವು, ಮೈಗೆ ಹಾಯಾಗಿರುವುದು, ಶುಚಿ, ಮಲಮೂತ್ರವಿಸರ್ಜನೆ, ನಿದ್ರೆಯಿಂದ ಬರುವ ಶಕ್ತಿ, ವಿನೋದ, ಜನಸಂಗ, ಇರುವ ಕೊಠಡಿಯ ಅಂದ. ಇವು ಎಂಟು ಪಟ್ಟಿಗಳಾಗಿ ತೆರೆಯ ಕೆಳಗೆ ತೋರುತ್ತವೆ; ತುಂಬಿದರೆ ಹಸುರು, ಬರಿದಾದರೆ ಕೆಂಪು. ಅಲ್ಲಿಯ ಒಂದು ದಿನ ಇಲ್ಲಿಯ ೨೪ ನಿಮಿಷಗಳಲ್ಲಿ ಮುಗಿಯುತ್ತದೆ. ಬೇಕೆಂದರೆ ಕಾಲವನ್ನು ಓಡಿಸಬಹುದು, ನಿಲ್ಲಿಸಲೂಬಹುದು. ಗೆಲುವೆಂಬುದಿಲ್ಲ, ಮುಗಿತಾಯವೆಂಬುದಿಲ್ಲ.

ಈ ಕೃತಿಯ ಹುಟ್ಟಿನಲ್ಲಿ ಒಂದು ಅಗ್ನಿದುರಂತವಿದೆ. ೧೯೯೧ರಲ್ಲಿ ಕ್ಯಾಲಿಫೋರ್ನಿಯದ ಓಕ್‌ಲೆಂಡ್ ಗುಡ್ಡಗಳನ್ನು ಆವರಿಸಿದ ಬೆಂಕಿಯಲ್ಲಿ ರೈಟನ ಮನೆ ಸುಟ್ಟುಹೋಯಿತು. ಬದುಕಿಗೆ ಬೇಕಾದ ಸಾಮಾನುಗಳನ್ನು ಒಂದೊಂದಾಗಿ ಮತ್ತೆ ಕೂಡಿಸಿಕೊಳ್ಳಬೇಕಾಗಿ ಬಂದಾಗ ಈ ಕಲ್ಪನೆಗೆ ಪ್ರೇರಣೆಯೊದಗಿತು. ಮೊದಲಿಗೆ ಇದು ಮನೆ ಕಟ್ಟುವ ಆಟವಾಗಿಯೇ ಯೋಜಿತವಾಗಿತ್ತು. ಕಟ್ಟಿದ ಮನೆ ವಾಸಕ್ಕೆ ಅನುಕೂಲವೇ ಎಂಬುದನ್ನು ಪರೀಕ್ಷಿಸಲು ಅದರೊಳಗೆ ಮನುಷ್ಯರನ್ನು ಬಿಡಲಾಯಿತು. ಸಾಮಾನು ಮೊದಲು, ಮನುಷ್ಯ ಆಮೇಲೆ ಎಂಬ ಈ ಅನುಕ್ರಮವನ್ನು ವಿಮರ್ಶಕನು ಮರೆಯಬಾರದು. ಆಟದ ಒಳರಚನೆಯೂ ಹಾಗೆಯೇ ಇದೆ. ತಾನು ಯಾವ ಅಗತ್ಯವನ್ನು ಎಷ್ಟರಮಟ್ಟಿಗೆ ತಣಿಸಬಲ್ಲೆನೆಂಬುದನ್ನು ಒಂದೊಂದು ಸಾಮಾನೂ ಸುತ್ತಲೂ ಸಾರುತ್ತಿರುತ್ತದೆ. ಹಸಿದವನನ್ನು ತಿನಿಸಿನ ಪೆಟ್ಟಿಗೆ ಕರೆಯುತ್ತದೆ, ದಣಿದವನನ್ನು ಮಂಚ ಕರೆಯುತ್ತದೆ.

೩

ಕೃತಿಯ ಗುಣವನ್ನು ಮೊದಲು ಹೇಳುವುದು ನ್ಯಾಯ. ಮನೆಗೆಲಸವೂ ಕೆಲಸವೇ ಎಂಬುದನ್ನು ಇಷ್ಟು ಪ್ರತ್ಯಕ್ಷವಾಗಿ ತೋರಿಸಿದ ಕೃತಿಗಳು ವಿರಳ. ಉಂಡ ತಟ್ಟೆಯನ್ನು ಯಾರೂ ತೊಳೆಯದಿದ್ದರೆ ಅದು ಇದ್ದಲ್ಲಿಯೇ ಇರುತ್ತದೆ, ನೊಣ ಮುಸುರುತ್ತದೆ, ಕೊಠಡಿಯ ಅಂದ ಕೆಟ್ಟು ಮನೆಯವರೆಲ್ಲರ ಮನಸ್ಸೂ ಕೆಡುತ್ತದೆ. ತೊಳೆಯುವುದಕ್ಕೆ ಹೊತ್ತು ಹಿಡಿಯುತ್ತದೆ, ಆ ಹೊತ್ತು ಬೇರೊಂದಕ್ಕೆ ಸಿಕ್ಕುವುದಿಲ್ಲ. ಕಾವ್ಯದಲ್ಲಿ ಔತಣಗಳ ವರ್ಣನೆ ಧಾರಾಳವಾಗಿದೆ. ಔತಣದ ಮರುದಿನ ಪಾತ್ರೆ ಬೆಳಗಿದವರ ವರ್ಣನೆ ಅಪರೂಪ. ಇದಲ್ಲದೆ, ಈ ಕೆಲಸ ಹೆಣ್ಣಿನದು, ಇದು ಗಂಡಿನದು ಎಂಬ ಕಟ್ಟಳೆ ಆಟದಲ್ಲಿಲ್ಲ. ಚಿಕ್ಕದೇವರಾಜ ಒಡೆಯರ (ಆಳ್ವಿಕೆ ೧೬೭೩-೧೭೦೪) ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮನು ಸಾಂಗತ್ಯದಲ್ಲಿ ರಚಿಸಿದ ‘ಹದಿಬದೆಯ ಧರ್ಮ’ವು ಗೃಹಿಣಿಯ ಕರ್ತವ್ಯಗಳನ್ನು ವಿಧಿಸುವ ಗ್ರಂಥ. ಆದರೂ ಹೆಣ್ಣನ್ನು ಕೀಳೆಂದೂ ಗಂಡನ್ನು ಮೇಲೆಂದೂ ಎಣಿಸುವವರನ್ನು ಅದೇ ಗ್ರಂಥದಲ್ಲಿ ಆಕೆ ಪ್ರಶ್ನಿಸುತ್ತಾಳೆ. ವಿಧಿಯೊಳಗೆ ಅಡಗಿಸಿ ಆಕೆ ಕೇಳಿದ ಪ್ರಶ್ನೆಗೆ ಈ ಆಟವು, ತಿಳಿದೋ ತಿಳಿಯದೆಯೋ, ನಿಯಮದ ರೂಪದಲ್ಲಿ ಒಂದು ಉತ್ತರವನ್ನು ಕೊಟ್ಟಿದೆ.

ಆಟದ ಜನ ಆಡುವ ಭಾಷೆಯೂ ಗಮನಾರ್ಹ. ಅದು ಯಾವ ದೇಶದ ನುಡಿಯೂ ಅಲ್ಲ. ಬೇಕೆಂದೇ ಅರ್ಥವಿಲ್ಲದಂತೆ ಕಟ್ಟಿದ ಉಲಿಗಳ ಸರಣಿ. ದನಿಯ ಏರಿಳಿತ, ಮುಖಭಾವ, ತಲೆಯ ಮೇಲೆ ಮೂಡುವ ಚಿತ್ರ, ಇಷ್ಟರಿಂದಲೇ ಭಾವವನ್ನು ಊಹಿಸಬೇಕು. ಆಟದ ಬರವಣಿಗೆಯ ಸೂಚನೆಗಳು ಕನ್ನಡದಲ್ಲಿಲ್ಲವಾದರೂ ಜಗಳವೂ ಸರಸವೂ ಕನ್ನಡದ ಆಟಗಾರನ ಕಿವಿಯಲ್ಲಿ ಕನ್ನಡವೇ ಆಗಿಬಿಡಬಲ್ಲವು. ಇದು ಆಂಗಿಕದಿಂದಲೇ ಅರ್ಥವನ್ನು ಸಾಧಿಸುವ ಹಳೆಯ ನಾಟ್ಯೋಪಾಯ.

೪

ಈ ಗುಣಗಳಿದ್ದೂ ಕೃತಿಯ ಲೋಕದೃಷ್ಟಿಯಲ್ಲಿ ಕೆಲವು ಗುರುತರವಾದ ನ್ಯೂನತೆಗಳಿವೆ. ಅವು ಚೆನ್ನಾಗಿ ಕಾಣಬೇಕಾದರೆ ಒಂದು ಊರಿನ ನೆಲೆಯಿಂದ ನೋಡುವುದು ಒಳ್ಳೆಯದು. ಶಿವಮೊಗ್ಗ ಭದ್ರಾವತಿಗಳ ನಡುವೆ ಹೆದ್ದಾರಿಯ ಮೇಲಿರುವ ಮಲವಗೊಪ್ಪವನ್ನು ತೆಗೆದುಕೊಳ್ಳಬಹುದು. ಅಲ್ಲಿಂದ ಒಂದು ಕಡೆಗೆ ಭದ್ರಾವತಿ. ೧೯೨೩ರಲ್ಲಿ ಅಲ್ಲಿಯ ಕಬ್ಬಿಣದ ಕಾರ್ಖಾನೆಯಲ್ಲಿ ಉತ್ಪಾದನೆ ಮೊದಲಾಯಿತು. ಸಂಬಳ, ಪಾಳಿ, ಕ್ವಾರ್ಟರ್ಸುಗಳ ಬದುಕು ಅದರ ಸುತ್ತ ಬೆಳೆಯಿತು. ಇನ್ನೊಂದು ಕಡೆಗೆ, ಶಿವಮೊಗ್ಗವನ್ನು ದಾಟಿದರೆ, ತೀರ್ಥಹಳ್ಳಿಯ ಸೀಮೆ. ಕುವೆಂಪು ಅವರ ಕಾದಂಬರಿಗಳ ಹೆಗ್ಗಡೆಮನೆಗಳ ನಾಡು. ಆಟದ ಮನೆ ಮೊದಲನೆಯದನ್ನು ಹೋಲುತ್ತದೆ: ಚಿಕ್ಕ ಸಂಸಾರ, ಹೊತ್ತಿಗೆ ಸರಿಯಾದ ಕೆಲಸ, ಗೊತ್ತಾದ ಆದಾಯ.

ಆದರೆ ಆ ಹೋಲಿಕೆಯೂ ಪೂರ್ಣವಾದುದಲ್ಲ. ಆಟದಲ್ಲಿ ಎರಡು ದಿನ ಒಂದೇ ಸಮನೆ ಕೆಲಸಕ್ಕೆ ಹೋಗದವನು ಕೆಲಸವನ್ನು ಕಳೆದುಕೊಳ್ಳುತ್ತಾನೆ. ಬಾಗಿಲಿಗೆ ಬರುವ ಪತ್ರಿಕೆಯಲ್ಲಿ ದಿನವೂ ಒಂದು ಕೆಲಸದ ಪ್ರಕಟನೆ ಇದ್ದೇ ಇರುತ್ತದೆ. ಒಂದು ಕಾರ್ಖಾನೆ ಮುಚ್ಚಿ, ಒಂದು ಊರಿನ ಹಲವು ಮನೆಗಳ ಲೆಕ್ಕ ಏಕಕಾಲಕ್ಕೆ ತಪ್ಪುವುದು ಅಲ್ಲಿ ಸಂಭವಿಸದು. ಮಲವಗೊಪ್ಪದ ಸಕ್ಕರೆ ಕಾರ್ಖಾನೆ ನಿಂತುಹೋಗಿದೆ. ಭದ್ರಾವತಿಯಲ್ಲಿ ೧೯೩೬ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯೂ ೨೦೧೫ರ ಸುಮಾರಿಗೆ ಕೆಲಸ ನಿಲ್ಲಿಸಿತು. ಇಂತಹ ಊರುಗಳಲ್ಲಿ ಮನೆಯ ಏಳುಬೀಳು ಮನೆಯವರ ಜಾಣ್ಮೆ ಸೋಮಾರಿತನಗಳನ್ನು ಮಾತ್ರ ಅವಲಂಬಿಸಿದ್ದಲ್ಲ. ಬಡತನವೆಲ್ಲ ಯಜಮಾನನ ತಪ್ಪಿನ ಫಲವೆಂದು ಆಟವು ಬಾಯಿಬಿಟ್ಟು ಹೇಳುವುದಿಲ್ಲ. ಬೇರೆ ಕಾರಣಕ್ಕೆ ಅದರ ನಿಯಮಗಳಲ್ಲಿ ಎಡೆಯಿಲ್ಲ, ಅಷ್ಟೆ.

ಎರಡನೆಯದು ನಂಟಿನ ವಿಚಾರ. ಇಬ್ಬರ ಸಂಬಂಧವನ್ನು ಆಟವು ಋಣ ನೂರರಿಂದ ಧನ ನೂರರವರೆಗಿನ ಒಂದು ಅಂಕದಿಂದ ಅಳೆಯುತ್ತದೆ. ಉದ್ಯೋಗದಲ್ಲಿ ಮೇಲೇರಬೇಕಾದರೆ ಇಂತಿಷ್ಟು ಮಂದಿ ಸ್ನೇಹಿತರಿರಬೇಕೆಂಬ ಕಟ್ಟಳೆಯಿದೆ. ಸ್ನೇಹವೂ ಒಂದು ಬಂಡವಾಳ. ಅತ್ತೆ ಸೊಸೆ, ನಾದಿನಿ ಅತ್ತಿಗೆ, ಓರಗಿತ್ತಿಯರು, ಇವರ ನಡುವಣ ಪ್ರೀತಿ ಮತ್ಸರಗಳ ಬೇರೆಬೇರೆ ಬಣ್ಣಗಳನ್ನು ಒಂದೇ ಅಳತೆಗೋಲು ಹಿಡಿಯಲಾರದು. ‘ಕಾನೂರು ಹೆಗ್ಗಡಿತಿ’ಯಲ್ಲಿ (೧೯೩೬) ಚಂದ್ರಯ್ಯಗೌಡರ ಮನೆ ಪಾಲಾಗುವುದನ್ನು ನೆನೆಯಬಹುದು. ಅಲ್ಲಿ ಹಂಚಿಹೋಗುವುದು ಪಾತ್ರೆಪದಾರ್ಥಗಳು ಮಾತ್ರವಲ್ಲ; ಒಂದೊಂದು ವಸ್ತುವಿನೊಡನೆ ಒಂದೊಂದು ಮನಸ್ಸೂ ಒಡೆಯುತ್ತದೆ. ಆಟದ ಸಾಮಾನಿಗೆ ಬೆಲೆಯಿದೆ, ಉಪಯೋಗವಿದೆ. ಅದು ಯಾರ ಕೈಯಿಂದ ಯಾರಿಗೆ ಬಂದಿತೆಂಬ ಕಥೆ ಅದಕ್ಕೆ ಅಂಟಿಕೊಳ್ಳುವುದಿಲ್ಲ. ಅಗತ್ಯಗಳ ಪಟ್ಟಿ ಎಂಟಿದ್ದರೂ ಋಣವೆಂಬ ಪಟ್ಟಿ ಒಂದೂ ಇಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಹಣವಿದ್ದರೆ ಮನೆಗೆಲಸದವಳನ್ನು ಕೂಲಿಗೆ ಕರೆಯಬಹುದು. ಆಕೆ ಬಂದು ತಟ್ಟೆ ತೊಳೆದು, ನೆಲ ಒರೆಸಿ, ಕೂಲಿ ಪಡೆದು ಹೊರಡುತ್ತಾಳೆ. ಆಕೆಗೆ ಹೋಗಲು ಮನೆಯಿಲ್ಲ. ಆಕೆಯ ಹಸಿವಿನ ಪಟ್ಟಿಯನ್ನು ಆಟಗಾರನು ನೋಡಲಾರನು. ಮನೆಗೆಲಸವನ್ನು ಇಷ್ಟು ನಿಷ್ಠೆಯಿಂದ ತೋರಿಸಿದ ಕೃತಿ, ಆ ಕೆಲಸವನ್ನು ಕೂಲಿಗೆ ಮಾಡುವವಳ ಬದುಕಿನ ಮುಂದೆ ಕಣ್ಣು ಮುಚ್ಚಿಕೊಳ್ಳುತ್ತದೆ. ‘ಮಲೆಗಳಲ್ಲಿ ಮದುಮಗಳು’ (೧೯೬೭) ಕಾದಂಬರಿಯ ದೊಡ್ಡತನವಿರುವುದು ಇದಕ್ಕೆ ನೇರ ವಿರುದ್ಧವಾದ ಕಡೆಯಲ್ಲಿ. ಒಡೆಯನ ಆಜ್ಞೆ ಹೊತ್ತು ಹಳುವಿನಲ್ಲಿ ಅಲೆಯುವ ನಾಯಿಗುತ್ತಿಯೂ ಅವನ ತಿಮ್ಮಿಯೂ ಹೆಗ್ಗಡೆಗಳ ಕಥೆಗೆ ಪರಿಕರಗಳಲ್ಲ. ಅವರ ಆಸೆ ಭಯಗಳನ್ನು ಅನುಸರಿಸಿ ಕಥೆಯೇ ಅವರ ಬೆನ್ನು ಹತ್ತುತ್ತದೆ.

೫

ಇಲ್ಲಿ ಒಂದು ಆಕ್ಷೇಪ ಬರಬಹುದು. ಆಟವೆಲ್ಲಿ, ಮಹಾಕಾದಂಬರಿಯೆಲ್ಲಿ? ಯಂತ್ರದ ಗೊಂಬೆಗಳಿಂದ ರಸವನ್ನು ನಿರೀಕ್ಷಿಸುವುದು ಸರಿಯೇ? ಆದರೆ ರಸದ ಸಾಮಗ್ರಿ ಆಟದಲ್ಲಿ ಇಲ್ಲವೆನ್ನುವಂತಿಲ್ಲ. ಮನೆಯಲ್ಲಿ ಸಾವು ಸಂಭವಿಸಿದರೆ ಅದರ ಗುರುತು ಅಲ್ಲಿ ಉಳಿಯುತ್ತದೆ. ಉಳಿದವರು ಅದರೆದುರು ನಿಂತು ಅಳುತ್ತಾರೆ. ಆಲಂಬನವಿದೆ, ಅನುಭಾವವಿದೆ. ಆದರೂ ಕರುಣವು ಸ್ಥಾಯಿಯಾಗಿ ನಿಲ್ಲುವುದು ಕಷ್ಟ. ಏಕೆಂದರೆ ಕಾಲವನ್ನು ನಿಲ್ಲಿಸುವ, ಓಡಿಸುವ ಅಧಿಕಾರ ಪ್ರೇಕ್ಷಕನ ಕೈಯಲ್ಲಿಯೇ ಇದೆ. ಕೊಳದ ಏಣಿಯನ್ನು ತೆಗೆದುಹಾಕಿ, ಈಜುವವನು ಮೇಲೆ ಬರಲಾರದೆ ಮುಳುಗುವುದನ್ನು ನೋಡಿ ನಗುವ ಆಟಗಾರರು ಉಂಟು. ಕಾವ್ಯದ ಸಹೃದಯನು ಸೀತೆಯ ದುಃಖವನ್ನು ತಡೆಯಲಾರನು. ತಡೆಯಲಾರನೆಂಬುದರಿಂದಲೇ ಅದು ಅವನ ಹೃದಯದಲ್ಲಿ ನೆಲೆಸುತ್ತದೆ. ಆಟಗಾರನಲ್ಲಿ ಅನುಕಂಪ ಹುಟ್ಟುವುದು ತನ್ನ ಏರ್ಪಾಟು ಕೈಮೀರಿದಾಗ, ಕೆಂಪಾಗುತ್ತಿರುವ ಪಟ್ಟಿಗಳ ನಡುವೆ ಯಾರನ್ನು ಮೊದಲು ಕಾಪಾಡಬೇಕೆಂದು ತೋಚದಿದ್ದಾಗ. ಆ ಕ್ಷಣದಲ್ಲಿ ಆಟವು ಕಾವ್ಯದ ಹೊಸಲನ್ನು ಮುಟ್ಟುತ್ತದೆ, ದಾಟುವುದಿಲ್ಲ.

ಹೀಗಿರುವುದರಿಂದ ಈ ಕೃತಿಯನ್ನು ಕೇವಲ ಕಾಲಹರಣವೆಂದು ತಳ್ಳಿಹಾಕುವುದೂ ಜೀವನದ ಪ್ರತಿಬಿಂಬವೆಂದು ಕೊಂಡಾಡುವುದೂ ಸಮಾನವಾದ ತಪ್ಪುಗಳು. ಸಾಹಿತ್ಯದ ಉಪಾಧ್ಯಾಯರು ಕಾದಂಬರಿಯ ಪಾಠದ ಜೊತೆಗೆ ಇದನ್ನಿಟ್ಟು ತೋರಿಸಿದರೆ ಎರಡೂ ಬೆಳಗುತ್ತವೆ. ಮನೆಯನ್ನು ಚಿತ್ರಿಸುವ ಯಾವ ಕೃತಿಗೇ ಆಗಲಿ ಹಾಕಬೇಕಾದ ಪ್ರಶ್ನೆಯೊಂದನ್ನು ಅದು ವಿದ್ಯಾರ್ಥಿಗಳಿಗೆ ಕಲಿಸುತ್ತದೆ: ಇಲ್ಲಿ ಯಾರ ಹಸಿವು ಲೆಕ್ಕಕ್ಕೆ ಬರುತ್ತದೆ, ಯಾರದು ಬರುವುದಿಲ್ಲ? ಮಣ್ಣಿನ ಮನೆಯಾಟದಲ್ಲಿ ಮಕ್ಕಳು ಬಂದವರಿಗೆಲ್ಲ ಎಲೆ ಹಾಕುತ್ತಾರೆ; ಎಂಟೇ ಎಲೆಯೆಂಬ ನಿಯಮ ಅವರಿಗಿಲ್ಲ.