ಕತ್ತಲಲ್ಲಿ ಕೂಡಿಸಿದ ಸಂಗೀತ

ಇಂಗ್ಲೆಂಡಿನ ‘ಟಾಕ್ ಟಾಕ್’ ತಂಡದವರು 1984ರಲ್ಲಿ ಹಾಡಿದ ‘ಇಟ್ಸ್ ಮೈ ಲೈಫ್’ ಕೇಳಿ ತಾಳ ಹಾಕಿದ ರಸಿಕರು, ಅವರದೇ 1988ರ ‘ಸ್ಪಿರಿಟ್ ಆಫ್ ಈಡನ್’ ಹಾಕಿಕೊಂಡು ಕುಳಿತರೆ, ಅಂಗಡಿಯವನು ತಟ್ಟೆಯನ್ನು ಅದಲುಬದಲು ಮಾಡಿ ಕೊಟ್ಟನೇ ಎಂದು ಸಂಶಯಪಡುವುದು ಸಹಜ. ಎರಡು ನಿಮಿಷ ಕಳೆದರೂ ಹಾಡುಗಾರನ ದನಿಯೇ ಇಲ್ಲ. ದೂರದಲ್ಲೊಂದು ಟ್ರಂಪೆಟ್, ತಂತಿವಾದ್ಯಗಳ ಮಂದಸ್ವರ, ನಡುನಡುವೆ ಮೌನ.

ಇದನ್ನು ಜಾಸ್-ರಾಕ್ ಎಂದು ಕರೆಯುವವರುಂಟು. ಹಾಡುಗಾರ ಮಾರ್ಕ್ ಹಾಲಿಸ್ ಮೈಲ್ಸ್ ಡೇವಿಸ್‌ನ ಸಂಗೀತಕ್ಕೆ ಮನಸೋತವನು. ಹೆನ್ರಿ ಲೋಥರ್‌ನ ಟ್ರಂಪೆಟ್ಟೂ ಡ್ಯಾನಿ ಥಾಂಪ್ಸನ್‌ನ ಡಬಲ್ ಬಾಸೂ ಇಲ್ಲಿವೆ. ಆದರೂ ಆ ಹೆಸರು ನನಗೆ ಪೂರ್ತಿ ಒಪ್ಪಿಗೆಯಾಗದು. ಒಬ್ಬ ವಾದಕನ ಸ್ವರಕ್ಕೆ ಇನ್ನೊಬ್ಬ ಅಲ್ಲಿಂದಲ್ಲಿಗೇ ಉತ್ತರ ಕೊಡುವುದು ಜಾಸ್‌ನ ಪ್ರಾಣ. ಇಲ್ಲಿ ನಡೆದದ್ದೇ ಬೇರೆ. ಲಂಡನ್ನಿನ ವೆಸೆಕ್ಸ್ ಸ್ಟುಡಿಯೋವನ್ನು ಕತ್ತಲೆಮಾಡಿ, ಬಣ್ಣದ ಬೆಳಕನ್ನಷ್ಟೇ ಆಡಿಸಿ, ಕರೆಸಿದ ವಾದಕರಿಂದ ತೋಚಿದಂತೆ ನುಡಿಸಿಕೊಂಡರು. ತಿಂಗಳುಗಟ್ಟಲೆ ನಡೆದ ಈ ಕೆಲಸದಲ್ಲಿ ಬಹುಭಾಗವನ್ನು ಹಾಲಿಸ್ ಮತ್ತು ನಿರ್ಮಾಪಕ ಟಿಮ್ ಫ್ರೀಸ್-ಗ್ರೀನ್ ತೆಗೆದುಹಾಕಿ, ಉಳಿದ ತುಣುಕುಗಳನ್ನು ಜೋಡಿಸಿದರು. ಬೇರೆ ಬೇರೆ ಹೊತ್ತಿನಲ್ಲಿ ನುಡಿಸಿದವರು ನಮ್ಮ ಕಿವಿಯಲ್ಲಿ ಎದುರುಬದುರು ಕುಳಿತು ಮಾತಾಡುತ್ತಾರೆ. (ಇದು ಮೋಸವೆನ್ನುವವರು ಸಿನಿಮಾ ನೋಡುವುದನ್ನೂ ಬಿಡಬೇಕಾದೀತು.)

ಈ ಕ್ರಮದ ಫಲ ‘ಡಿಸೈರ್’ನಲ್ಲಿ ಸ್ಪಷ್ಟವಾಗಿದೆ. ಪಿಸುಮಾತಿನಂತೆ ಹೊರಟ ಹಾಡು ಒಮ್ಮೆಲೇ ಡ್ರಮ್ಮು ಗಿಟಾರುಗಳ ಆರ್ಭಟಕ್ಕೆ ಏರುತ್ತದೆ. ಹಿಂದಿನ ಮೌನವಿಲ್ಲದಿದ್ದರೆ ಆ ಸಿಟ್ಟು ಬರಿಯ ಗದ್ದಲವಾಗುತ್ತಿತ್ತು. ಹೆರಾಯಿನ್ ಚಟವನ್ನು ಕುರಿತ ‘ಐ ಬಿಲೀವ್ ಇನ್ ಯೂ’ ಇದಕ್ಕಿಂತಲೂ ಮೇಲು. ಲೀ ಹ್ಯಾರಿಸ್‌ನ ಡ್ರಮ್ ಲಯ ಬಿಡದೆ ನಡೆಯುತ್ತಿರುತ್ತದೆ. ಅದರ ಮೇಲೆ ಚೆಲ್ಮ್ಸ್‌ಫರ್ಡ್ ಕೆಥೆಡ್ರಲಿನ ಗಾಯಕವೃಂದ ತೇಲಿಬರುತ್ತದೆ. ಉಪದೇಶದ ಸೋಂಕೂ ಇಲ್ಲ. ಆದರೆ ಹಾಲಿಸ್ ಮಾತುಗಳನ್ನು ನುಂಗುತ್ತಾನೆ. ಇಂಥ ವಿಷಯವನ್ನು ಎತ್ತಿಕೊಂಡವನು ಶಬ್ದವನ್ನು ಕೇಳುಗನ ಕಿವಿಗೆ ಮುಟ್ಟಿಸಬೇಡವೆ?

ಇಷ್ಟು ಕಾಲ ಸ್ಟುಡಿಯೋದಲ್ಲಿ ಕೂರುವ ಅನುಕೂಲ ಒದಗಿದ್ದು 1986ರ ‘ದಿ ಕಲರ್ ಆಫ್ ಸ್ಪ್ರಿಂಗ್’ ಕೊಂಡ ಜನರಿಂದ. ತಂಡ ಅವರಿಗೆ ಋಣಿಯಲ್ಲವೆ? ಹಳೆಯ ಸರಕನ್ನೇ ಮತ್ತೆ ಮಾರುವುದು ಋಣ ತೀರಿಸುವ ಬಗೆಯೆಂದು ನಾನಂತೂ ಒಪ್ಪಲಾರೆ. ಆದರೆ ಈ ಸಂಗೀತಕ್ಕಾಗಿ ಊರೂರು ತಿರುಗಿ ಕಛೇರಿ ಮಾಡದೆ ಹೋದದ್ದು ಆ ಜನಕ್ಕೆ ನಷ್ಟವೇ. ಒಪ್ಪಂದದ ವ್ಯಾಜ್ಯ ನ್ಯಾಯಾಲಯಕ್ಕೆ ಹೋಗಿ ತಂಡ ಇ.ಎಂ.ಐ. ಕಂಪನಿಯನ್ನು ಬಿಟ್ಟಿತು. 1991ರಲ್ಲಿ, ಜಾಸ್ ಮುದ್ರಿಕೆಗಳಿಗೆ ಹೆಸರಾದ ವರ್ವ್ ಮೂಲಕ, ಇನ್ನೂ ಕಗ್ಗತ್ತಲಾದ ‘ಲಾಫಿಂಗ್ ಸ್ಟಾಕ್’ ಕೊಟ್ಟು ಚದರಿತು. ಹಾಲಿಸ್ 1998ರಲ್ಲಿ ತನ್ನ ಹೆಸರಿನ ಒಂದೇ ಒಂದು ತಟ್ಟೆಯನ್ನು ಹೊರತಂದ. 2019ರಲ್ಲಿ ಅವನು ತೀರಿಕೊಂಡಾಗಲೂ ಅದರ ಜೊತೆಗೆ ಎರಡನೆಯದು ಸೇರಿರಲಿಲ್ಲ.