ದಸರಾ ರಜೆಗೆ ಮುಂಚೆ ಒಂದನೇ ಕ್ಲಾಸು ಮನೆಗೆ ಹೇಳಬೇಕಾದ್ದು

ದಸರಾ ರಜೆ ಶುರುವಾದ ಮೊದಲ ದಿನವೇ ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಒಂದು ಪರೀಕ್ಷೆ ನಡೆಯುತ್ತದೆ. ಇದು ಇಲಾಖೆಯ ವೇಳಾಪಟ್ಟಿಯಲ್ಲಿ ಇಲ್ಲದ ಪರೀಕ್ಷೆ. ಸರ್ಕಾರಿ ಶಾಲೆಯ ಒಂದನೇ ಕ್ಲಾಸಿನ ಮಗುವನ್ನು ಅಜ್ಜನೋ ಸೋದರಮಾವನೋ ಎದುರಿಗೆ ಕೂರಿಸಿಕೊಂಡು, ‘ಎಲ್ಲಿ, ಅ ಆ ಇ ಈ ಹೇಳ್ಲಾ ನೋಡನ’ ಎನ್ನುತ್ತಾರೆ. ಮಗು ‘ರ, ಗ, ಸ, ದ, ಅ’ ಎನ್ನುತ್ತದೆ. ಕೇಳಿದವರಿಗೆ ಗಾಬರಿ. ‘ನಾಕ್ ತಿಂಗ್ಳು ಇಸ್ಕೂಲಿಗೆ ಹೋಗಿ ಕಲ್ತದ್ದು ಇಷ್ಟೇಯಾ?’ ಫಲಿತಾಂಶ ಅಲ್ಲೇ ಪ್ರಕಟವಾಗಿಬಿಡುತ್ತದೆ: ಮುಂದಿನ ಜೂನಿಗೆ ಮಗು ಖಾಸಗಿ ಶಾಲೆಯ ಹಳದಿ ವ್ಯಾನು ಹತ್ತಬೇಕು.

ಮಗು ಹೇಳಿದ್ದು ಸರಿಯಾಗಿಯೇ ಇತ್ತು. ಸರ್ಕಾರಿ ಶಾಲೆಯಲ್ಲಿ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬರುವುದಿಲ್ಲ. ಬರೆಯಲು ಸುಲಭವಾದ, ಬೇಗ ಪದವಾಗಿ ಕೂಡಿಕೊಳ್ಳುವ ‘ರ ಗ ಸ ದ ಅ’ ಮೊದಲು. ‘ಜ ವ ಮ ಬ ನ’ ಆಮೇಲೆ. ಮೊದಲ ಐದೇ ಅಕ್ಷರ ಬಂದ ಮಗು ‘ಸರ’, ‘ಅರಸ’, ‘ಅಗಸ’, ‘ಗರಗಸ’ಗಳನ್ನು ಓದಬಲ್ಲದು. ‘ಅ ಆ ಇ ಈ’ಯನ್ನು ರಾಗವಾಗಿ ಒಪ್ಪಿಸುವ ಮಗುವಿಗೆ ಅಷ್ಟು ಹೊತ್ತಿಗೆ ಒಂದು ಪದವೂ ಓದಲು ಬರದೇ ಇರಬಹುದು. ಆದರೆ ಈ ಮಾತನ್ನು ಅಜ್ಜನಿಗೆ ಹೇಳಿದವರು ಯಾರು? ಯಾರೂ ಇಲ್ಲ. ಒಂದನೇ ಕ್ಲಾಸಿನ ಬಗ್ಗೆ ಪೋಷಕರಿಗೆ ಮಾಹಿತಿ ಕೊಡುವ ನಮ್ಮ ಪದ್ಧತಿ ಸೋಲುವುದು ಇಲ್ಲೇ.

ನಲಿ-ಕಲಿ ಹುಟ್ಟಿದ್ದು ಮಂಡ್ಯಕ್ಕೆ ದೂರವೇನಲ್ಲದ ಹೆಗ್ಗಡದೇವನಕೋಟೆಯಲ್ಲಿ, 1995ರಲ್ಲಿ. ಆಂಧ್ರದ ರಿಷಿ ವ್ಯಾಲಿಯ ಪ್ರಯೋಗವನ್ನು ನೋಡಿಬಂದ ಮೇಷ್ಟ್ರುಗಳು ಯುನಿಸೆಫ್ ನೆರವಿನಿಂದ ಕಟ್ಟಿದ ಪದ್ಧತಿ ಅದು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅದರ ಕೋಣೆಯೊಳಗೆ ಮುಚ್ಚುಮರೆ ಎಂಬುದೇ ಇಲ್ಲ. ಗೋಡೆಯ ಮೇಲೆ ಕಲಿಕಾ ಏಣಿ, ಅದರ ಮೆಟ್ಟಿಲುಗಳಿಗೆ ಚಿತ್ರದ ಗುರುತು, ಪಕ್ಕದಲ್ಲಿ ಯಾವ ಮಗು ಎಷ್ಟನೇ ಮೈಲಿಗಲ್ಲು ದಾಟಿದೆ ಎಂದು ತೋರಿಸುವ ‘ಪ್ರಗತಿ ನೋಟ’. ತಲೆಯ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರ, ಬರಹಗಳನ್ನು ತೂಗುಹಾಕಿದ ‘ಕಲಿಕಾ ಚಪ್ಪರ’. ಆರು ವರ್ಷದ ಮಗು ತಾನೇ ಏಣಿಯ ಮುಂದೆ ನಿಂತು ‘ನಾನು ಇಲ್ಲಿದೀನಿ, ಮುಂದಿನ ಕಾರ್ಡು ಇದು’ ಎಂದು ಬೆರಳಿಟ್ಟು ತೋರಿಸುತ್ತದೆ. ಶಾಲೆ ಇಷ್ಟು ನಿಚ್ಚಳವಾಗಿ ತನ್ನ ಲೆಕ್ಕ ಒಪ್ಪಿಸುವ ಏರ್ಪಾಡು ನಮ್ಮ ಸರ್ಕಾರಿ ವ್ಯವಸ್ಥೆಯಲ್ಲಿ ಅಪರೂಪ. ವಿಚಿತ್ರವೆಂದರೆ ಆ ಲೆಕ್ಕವೆಲ್ಲ ಕೋಣೆಯ ಒಳಗಿನವರಿಗೆ ಮಾತ್ರ. ಹೊರಗಿನಿಂದ ಬಂದ ತಾಯಿಗೆ ಆ ಗೋಡೆ ಬರೀ ಅಲಂಕಾರ. ‘ಚಂದಾಗದೆ ಮಿಸ್’ ಎಂದು ಹೇಳಿ ಹೋಗುತ್ತಾಳೆ.

ಕಾನೂನು ಈ ವಿಷಯದಲ್ಲಿ ಗಟ್ಟಿಯಾಗಿಯೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯಗಳನ್ನು ಪಟ್ಟಿ ಮಾಡುವಾಗ, ಪೋಷಕರ ಜತೆ ನಿಯತವಾಗಿ ಸಭೆ ನಡೆಸಿ ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಕಲಿಕೆಯ ಪ್ರಗತಿಯನ್ನು ತಿಳಿಸಬೇಕು ಎನ್ನುತ್ತದೆ. ಕರ್ನಾಟಕದಲ್ಲಿ ಅದಕ್ಕೂ ಮುಂಚೆ, 2001ರಿಂದಲೇ, ಪೋಷಕರಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್‌ಡಿಎಂಸಿ) ಇವೆ. ಮಕ್ಕಳ ಪ್ರಗತಿಯನ್ನು ಪೋಷಕರ ಮುಂದಿಡುವ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮವಿದೆ. ಸಭೆ ನಡೆಯುವ ರೀತಿ ಮಾತ್ರ ಬೇರೆ. ಶಾಮಿಯಾನ, ಪ್ರಾರ್ಥನೆ, ಸ್ವಾಗತ, ಅಧ್ಯಕ್ಷರಿಗೆ ಹಾರ, ಊರಿನ ಮುಖಂಡರ ಎರಡು ಮಾತು, ಬಿಸಿಲೇರಿದ ಮೇಲೆ ಪ್ರಗತಿ ಪತ್ರ. ಪತ್ರದಲ್ಲಿ ಕನ್ನಡಕ್ಕೆ ‘ಎ’, ಗಣಿತಕ್ಕೆ ‘ಬಿ+’. ತಾಯಿ ಸಹಿ ಹಾಕುತ್ತಾಳೆ ಅಥವಾ ಹೆಬ್ಬೆಟ್ಟು ಒತ್ತುತ್ತಾಳೆ, ಫೋಟೊ ತೆಗೆದು ಇಲಾಖೆಗೆ ಕಳಿಸುತ್ತಾರೆ. ‘ಬಿ+’ ಎಂದರೆ ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬ ಪ್ರಶ್ನೆ ಇಬ್ಬರ ನಡುವೆ ಏಳುವುದೇ ಇಲ್ಲ. ಅದೇ ಗ್ರೇಡುಗಳು ಎಸ್‌ಎಟಿಎಸ್ ಎಂಬ ತಂತ್ರಾಂಶಕ್ಕೆ ಏರಿ ಬೆಂಗಳೂರು ತಲುಪುವುದರಲ್ಲಿ ತಡವಿಲ್ಲ. ಕಾಲು ಮೈಲಿ ದೂರದ ಮನೆಗೆ ತಲುಪುವುದರಲ್ಲೇ ತೊಡಕು.

ಮೇಷ್ಟ್ರುಗಳನ್ನು ಕೇಳಿದರೆ ‘ಪೋಷಕರು ಬರೋದೇ ಇಲ್ಲ ಸಾರ್’ ಎಂಬ ಸಿದ್ಧ ಉತ್ತರ ಸಿಗುತ್ತದೆ. ಇದು ಅರ್ಧ ನಿಜ. ಮದ್ದೂರು ತಾಲ್ಲೂಕಿನ ತಾಯಂದಿರಲ್ಲಿ ಎಷ್ಟೋ ಮಂದಿ ಬೆಳಿಗ್ಗೆಯೇ ಗಾರ್ಮೆಂಟ್ಸ್ ಬಸ್ಸು ಹತ್ತುವವರು. ಮಳವಳ್ಳಿ ಕಡೆ ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವ ದಿನ ರೇಷ್ಮೆ ಮನೆಯವರು ಯಾರ ಸಭೆಗೂ ಬರಲಾರರು. ಮಂಡ್ಯ ಸುತ್ತ ಕಬ್ಬು ಕಟಾವಿನ ಸರದಿ ಬಂದವರದೂ ಅದೇ ಕಥೆ. ವಾರದ ನಡುವೆ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದು, ಬರಲಿಲ್ಲವೆಂದು ದೂರುವುದು ಯಾವ ನ್ಯಾಯ? ಇನ್ನು ಮಕ್ಕಳ ಶಾಲೆಯ ಬಗ್ಗೆ ಜನಕ್ಕೆ ಆಸಕ್ತಿಯಿಲ್ಲ ಎಂಬ ಮಾತಿಗೆ 2025ರಲ್ಲಿ ಮಂಡ್ಯ ತಾಲ್ಲೂಕಿನ ಆಲಕೆರೆಯೇ ಉತ್ತರ ಕೊಟ್ಟಿತು. ಬಿಸಿಯೂಟದಲ್ಲಿ ಮೊಟ್ಟೆ ಕೊಡುವ ವಿಚಾರಕ್ಕೆ ಅಲ್ಲಿ ಅನೇಕ ಪೋಷಕರು ಮಕ್ಕಳ ಟಿಸಿ ತೆಗೆದುಕೊಂಡು ಬೇರೆ ಶಾಲೆಗೆ ಸೇರಿಸಿದರು. ಅವರು ಮಾಡಿದ್ದು ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ಮಗುವಿನ ತಟ್ಟೆಗೆ ಏನು ಬೀಳುತ್ತದೆಂಬುದು ಅವರಿಗೆ ಖಚಿತವಾಗಿ ಗೊತ್ತಿತ್ತು, ಅದಕ್ಕೇ ಎದ್ದುನಿಂತರು. ಸ್ಲೇಟಿನ ಮೇಲೆ ಏನು ಮೂಡುತ್ತಿದೆ ಎಂಬುದೂ ಅಷ್ಟೇ ಖಚಿತವಾಗಿ ಗೊತ್ತಾದರೆ ಆ ಬಗ್ಗೆಯೂ ಕೇಳದೆ ಬಿಡುವವರಲ್ಲ ಈ ಸೀಮೆಯವರು.

ಮಾಹಿತಿಯನ್ನು ಹೇಗೆ ಕೊಡಬೇಕೆಂದು ಕಲಿಯಲು ದೂರ ಹೋಗಬೇಕಾಗಿಲ್ಲ, ಊರಿನ ಡೇರಿಯವರೆಗೆ ಹೋದರೆ ಸಾಕು. ಗೆಜ್ಜಲಗೆರೆಯ ಹಾಲು ಒಕ್ಕೂಟ ಮನ್‌ಮುಲ್‌ಗೆ ಹಾಲು ಕಳಿಸುವ ಹಳ್ಳಿಯ ಸಂಘಗಳಲ್ಲಿ ಹಾಲು ಹಾಕಿದವರಿಗೆ ಎಷ್ಟು ಲೀಟರ್, ಎಷ್ಟು ಫ್ಯಾಟು, ಏನು ದರ ಎಂಬುದು ಹೊತ್ತುಹೊತ್ತಿಗೆ ಚೀಟಿಯಲ್ಲಿ ತಿಳಿಯುತ್ತದೆ. ಫ್ಯಾಟು ಇಳಿದರೆ ಹಸುವಿಗೆ ಏನು ಹಾಕಬೇಕೆಂದು ಓದು ಬಾರದ ಹೆಂಗಸೂ ಅಲ್ಲೇ ನಿಂತು ಲೆಕ್ಕ ಹಾಕುತ್ತಾಳೆ. ಚೀಟಿ ಚಿಕ್ಕದು, ಅದು ಹೇಳುವುದು ಹಾಲಿನ ವಿಷಯ ಮಾತ್ರ, ಆದರೆ ಮನೆಗೆ ಹೋಗಿ ಮಾಡಬೇಕಾದ ಕೆಲಸಕ್ಕೆ ದಾರಿ ತೋರಿಸುತ್ತದೆ. ಪ್ರಗತಿ ಪತ್ರದ ‘ಬಿ+’ ಅಂಥ ದಾರಿಯನ್ನು ತೋರಿಸುವುದಿಲ್ಲ.

ಮಂಡ್ಯ, ಮದ್ದೂರು ಪೇಟೆಯ ಖಾಸಗಿ ಶಾಲೆಗಳು ಇದಕ್ಕಿಂತ ವಾಸಿ ಎಂದು ಹೇಳುವಂತಿಲ್ಲ. ಅಲ್ಲಿನ ರೋಗ ತದ್ವಿರುದ್ಧದ್ದು. ವಾಟ್ಸ್‌ಆ್ಯಪ್ ಗ್ರೂಪಿಗೆ ದಿನಕ್ಕೆ ಹತ್ತು ಮೆಸೇಜು: ನಾಳೆ ಹಳದಿ ಬಟ್ಟೆ, ಫೀಸಿನ ಕೊನೆ ದಿನ, ಪುಟ ಇಷ್ಟರಿಂದ ಇಷ್ಟರವರೆಗೆ ಹೋಂವರ್ಕು, ಎಲ್ಲವೂ ಇಂಗ್ಲಿಷಿನಲ್ಲಿ. ಅದರ ಕೆಳಗೆ ಪೋಷಕರ ‘ಓಕೆ ಮ್ಯಾಮ್’ಗಳ ಸಾಲು. ಇಂಗ್ಲಿಷ್ ಓದಲು ಬಾರದ ಅಪ್ಪ ಟ್ಯೂಷನ್ ಅಕ್ಕನ ಹತ್ತಿರ ಫೋನು ಹಿಡಿದು ಹೋಗಬೇಕು. ಮಗು ಎಲ್ಲಿದೆ ಎಂಬ ಮೂಲ ಪ್ರಶ್ನೆಗೆ ಈ ಸಂತೆಯಲ್ಲೂ ಉತ್ತರವಿಲ್ಲ. ಇಂಥ ಕೆಲವು ಕಾನ್ವೆಂಟುಗಳಲ್ಲಿ ಡಿಸೆಂಬರಿನಲ್ಲಿ ಕ್ರಿಸ್‌ಮಸ್ ರಜೆ ಕೊಟ್ಟು, ಆ ದಿನಗಳನ್ನು ದಸರಾ ರಜೆಯಲ್ಲಿ ಕಳೆಯುವುದುಂಟು. ಉಳಿದ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಚಳಿಗಾಲದ ರಜೆ ಎಂಬುದಿಲ್ಲ. ವರ್ಷದ ನಡುವಿನ ದೊಡ್ಡ ರಜೆ ದಸರೆಯದೇ.

ಆ ರಜೆ ಒಂದನೇ ಕ್ಲಾಸಿಗೆ ಬರುವ ಹೊತ್ತೂ ನಾಜೂಕಿನದು. 2022-23ರಲ್ಲಿ ರಾಜ್ಯದಲ್ಲಿ ಒಂದನೇ ಕ್ಲಾಸಿಗೆ ‘ವಿದ್ಯಾಪ್ರವೇಶ’ ಎಂಬ 72 ದಿನಗಳ ಶಾಲಾ ಸಿದ್ಧತೆ ನಡೆಯಿತು: ಆಟ, ಹಾಡು, ಕತೆ, ಕೈ ಪಳಗಿಸುವ ಗೆರೆಗಳು. ಮಕ್ಕಳಿಗೆ ಅದು ಒಳ್ಳೆಯದೇ. ಆದರೆ ಲೆಕ್ಕ ಹಾಕಿ ನೋಡಿ. ಇಂಥ ಸಿದ್ಧತೆ ಜೂನಿನಲ್ಲಿ ಶುರುವಾದರೆ 72 ಕೆಲಸದ ದಿನ ಮುಗಿಯುವಾಗ ಗೌರಿ ಗಣೇಶ ಹಬ್ಬದ ಆಸುಪಾಸು. ಅಕ್ಷರ ಆಗಷ್ಟೇ ಬಾಯಿಗೆ ಹತ್ತಿದೆ, ಅಷ್ಟರಲ್ಲಿ ರಜೆ. ಮನೆಯವರಿಗೆ ಇದು ಗೊತ್ತಿಲ್ಲದಿದ್ದರೆ ‘ಏನೂ ಕಲಿಸಿಲ್ಲ’. ಗೊತ್ತಿದ್ದರೆ ‘ಈಗ ಬಿಟ್ಟರೆ ಮರೆಯುತ್ತದೆ’.

2025ರ ದಸರೆ ಪೋಷಕರಿಗೆ ಮಾಹಿತಿ ಕೊಡುವ ನಮ್ಮ ಪದ್ಧತಿಯ ಟೊಳ್ಳನ್ನು ಬಯಲಿಗೆ ತಂದಿತು. ಸೆಪ್ಟೆಂಬರ್ 20ಕ್ಕೆ ರಜೆ ಶುರು. 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ, ಗಣತಿದಾರರು ಬಹುಪಾಲು ಸರ್ಕಾರಿ ಶಾಲೆಯ ಮೇಷ್ಟ್ರುಗಳೇ. ಸಮೀಕ್ಷೆ ಮುಗಿಯದೆ ಸರ್ಕಾರಿ, ಅನುದಾನಿತ ಶಾಲೆಗಳ ರಜೆ ಅಕ್ಟೋಬರ್ 18ರವರೆಗೆ ಬೆಳೆಯಿತು, ಹಿಂದೆಯೇ ದೀಪಾವಳಿ. ಮನೆಮನೆಯ ಜಗಲಿಯ ಮೇಲೆ ಕೂತು ಅಪ್ಪ ಅಮ್ಮಂದಿರನ್ನು 60 ಪ್ರಶ್ನೆ ಕೇಳಲು ಮೇಷ್ಟ್ರಿಗೆ ಆಪ್ ಕೊಡಲಾಗಿತ್ತು. ಮಗುವಿನ ಓದಿನ ಬಗ್ಗೆ ಒಂದು ಮಾತು ಹೇಳಿ ಎಂದು ಯಾವ ಸುತ್ತೋಲೆಯೂ ನೆನಪಿಸಲಿಲ್ಲ. ಮೇಷ್ಟ್ರನ್ನು ದೂಷಿಸಿ ಪ್ರಯೋಜನವಿಲ್ಲ. ಅವರು ನೆಟ್‌ವರ್ಕ್ ಹುಡುಕಿಕೊಂಡು ತಿಟ್ಟು ಹತ್ತುತ್ತಿದ್ದರು. ನವೆಂಬರ್ 14ರ ಮಕ್ಕಳ ದಿನಕ್ಕೆ ರಾಜ್ಯದಾದ್ಯಂತ ಪೋಷಕ-ಶಿಕ್ಷಕರ ಮಹಾಸಭೆ ಏರ್ಪಾಡಾಯಿತು. ಉದ್ದೇಶ ಒಳ್ಳೆಯದು, ಹೊತ್ತು ತಪ್ಪು. ನಾಲ್ಕು ವಾರದ ರಜೆ ಕಳೆದ ಮೇಲೆ ನಡೆಯುವ ಸಭೆಯಲ್ಲಿ ಮರೆತದ್ದರ ಲೆಕ್ಕ ಕೊಡಬಹುದು, ಮರೆಯದ ಹಾಗೆ ನೋಡಿಕೊಳ್ಳಿ ಎಂದು ಹೇಳಲಾಗದು.

ಬೇಕಾಗಿರುವುದು ದೊಡ್ಡದೇನಲ್ಲ. ರಜೆಗೆ ಒಂದು ವಾರ ಮುಂಚೆ ಮಗುವಿನ ಕೈಯಲ್ಲಿ ಅರ್ಧ ಹಾಳೆ. ಅದರಲ್ಲಿ ಏಣಿಯ ಚಿತ್ರ, ಮಗು ನಿಂತ ಮೆಟ್ಟಿಲಿಗೆ ಒಂದು ಗುಂಡು. ಕೆಳಗೆ ಎರಡು ಸಾಲು: ‘ನಿಮ್ಮ ಮಗುವಿಗೆ ರ ಗ ಸ ದ ಅ ಬರುತ್ತದೆ. ಅ ಆ ಇ ಈ ಕೇಳಬೇಡಿ. ದಸರ, ಸರ, ಅರಸ ಎಂದು ಬರೆದು ಓದಿಸಿ.’ ಹೌದು, ಮಂಡ್ಯದವರ ಬಾಯಲ್ಲಿ ಬರುವ ‘ದಸರ’ವನ್ನು ಒಂದನೇ ಕ್ಲಾಸಿನ ಮಗು ರಜೆಗೆ ಮುಂಚೆಯೇ ಓದಬಲ್ಲದು. ಡೇರಿಯ ಚೀಟಿ ಕನ್ನಡದಲ್ಲಿದ್ದರೆ ಅದರ ಮೇಲಿನ ‘ದರ’ವನ್ನೂ. 2011ರ ಜನಗಣತಿಯಂತೆ ಮಂಡ್ಯ ಜಿಲ್ಲೆಯ ಸಾಕ್ಷರತೆ ಸುಮಾರು ಶೇ 70, ಹೆಂಗಸರಲ್ಲಿ ಅದಕ್ಕೂ ಕಮ್ಮಿ. ಆದ್ದರಿಂದ ಅದೇ ಎರಡು ಸಾಲನ್ನು ಮಿಸ್ಸು ತಮ್ಮ ದನಿಯಲ್ಲೇ ವಾಯ್ಸ್ ಮೆಸೇಜ್ ಮಾಡಿ ಕಳಿಸಿದರೆ ಇನ್ನೂ ಮೇಲು.

ಒಂದರಿಂದ ಮೂರನೇ ಕ್ಲಾಸಿನವರೆಗೆ ಒಟ್ಟಿಗೆ ಕೂರಿಸಿ, ನಡುವೆ ಹಾಲು, ಮೊಟ್ಟೆ, ಆನ್‌ಲೈನ್ ಎಂಟ್ರಿ ನೋಡಿಕೊಳ್ಳುವ ಶಿಕ್ಷಕಿಗೆ ಇದೂ ಒಂದು ಹೊರೆ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಹಾಗಾದರೆ ಗ್ರೇಡು ತುಂಬುವ ಪತ್ರವನ್ನು ಒಂದನೇ ಕ್ಲಾಸಿನ ಮಟ್ಟಿಗೆ ಕೈಬಿಟ್ಟು, ಆ ಹೊತ್ತನ್ನು ಈ ಅರ್ಧ ಹಾಳೆಗೆ ಕೊಡಲಿ. ಮಾಹಿತಿ ಹೇಗೂ ಗೋಡೆಯ ಮೇಲೆ ಸಿದ್ಧವಾಗಿದೆ, ಹೊಸದಾಗಿ ಪರೀಕ್ಷೆ ಮಾಡುವುದು ಬೇಕಿಲ್ಲ. ಮಹಾಸಭೆಯನ್ನೂ ನವೆಂಬರಿನಿಂದ ತೆಗೆದು ಸೆಪ್ಟೆಂಬರಿನ ಎರಡನೇ ವಾರದ ಒಂದು ಸಂಜೆಗೆ ಇಡಬಹುದು, ಹಾಲು ಹಾಕುವ ಹೊತ್ತು ಮುಗಿದು ಗಾರ್ಮೆಂಟ್ಸ್ ಬಸ್ಸು ಊರಿಗೆ ವಾಪಸಾದ ಮೇಲೆ.