ತೇರ್ಗಡೆಯ ಪ್ರಮಾಣವೂ ಅದರ ಅರ್ಥವೂ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಪ್ರೌಢಶಾಲೆಯ ವಿದ್ಯಾರ್ಥಿಗಳು ಕಾಲೇಜಿನ ಮಟ್ಟದ ಪಾಠಗಳನ್ನು ಕಲಿತು ಪರೀಕ್ಷೆ ಕೊಡುವ ಏರ್ಪಾಡಿಗೆ ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್ ಎಂದು ಹೆಸರು. ಇದನ್ನು ಕಾಲೇಜ್ ಬೋರ್ಡ್ ಎಂಬ ಸಂಸ್ಥೆಯು 1955ರಿಂದ ನಡೆಸುತ್ತ ಬಂದಿರುವುದು. ಫಲವನ್ನು 1ರಿಂದ 5ರ ವರೆಗಿನ ಅಂಕಗಳಿಂದ ಸೂಚಿಸುವರು. 3 ಅಥವಾ ಅದಕ್ಕೆ ಮೇಲ್ಪಟ್ಟು ಪಡೆದವರು ತೇರ್ಗಡೆಯಾದರೆಂಬುದು ರೂಢಿ. ಈ ತೇರ್ಗಡೆಯ ಪ್ರಮಾಣವನ್ನೇ ಶಾಲೆಯ ಯೋಗ್ಯತೆಗೆ ಒರೆಗಲ್ಲೆಂದು ಹಿಡಿಯುವ ವಾಡಿಕೆಯು ಎಷ್ಟರ ಮಟ್ಟಿಗೆ ಯುಕ್ತವೆಂಬುದು ವಿಚಾರಾರ್ಹವಾಗಿದೆ.

ಪ್ರಮಾಣವೆಂಬುದು ಒಂದು ಭಿನ್ನರಾಶಿ. ಅಂಶವನ್ನು ಹೆಚ್ಚಿಸಿದರೆ ಅದು ಏರುವಂತೆ, ಛೇದವನ್ನು ತಗ್ಗಿಸಿದರೂ ಏರುವುದು. ನೂರು ಮಂದಿಯ ತರಗತಿಗಳುಳ್ಳ ಎರಡು ಶಾಲೆಗಳನ್ನು ಊಹಿಸಿಕೊಳ್ಳಬಹುದು. ಒಂದರಲ್ಲಿ 20 ಮಂದಿ ಪರೀಕ್ಷೆಗೆ ಕುಳಿತು 18 ಮಂದಿ ತೇರ್ಗಡೆಯಾದರೆ ಪ್ರಮಾಣವು ನೂರಕ್ಕೆ 90. ಇನ್ನೊಂದರಲ್ಲಿ 60 ಮಂದಿ ಕುಳಿತು 36 ಮಂದಿ ತೇರ್ಗಡೆಯಾದರೆ ನೂರಕ್ಕೆ 60. ಮೊದಲನೆಯದಕ್ಕೆ ಕೀರ್ತಿ ಬರುವುದು. ಎರಡರಷ್ಟು ಮಕ್ಕಳನ್ನು ದಡ ಸೇರಿಸಿದುದು ಎರಡನೆಯದು.

ಇದು ಕೇವಲ ಊಹೆಯಲ್ಲ. ಬೋರ್ಡು 2014ರಲ್ಲಿ ಪ್ರಕಟಿಸಿದ ಹತ್ತನೆಯ ವಾರ್ಷಿಕ ವರದಿಯಂತೆ, ಸಾರ್ವಜನಿಕ ಶಾಲೆಗಳಿಂದ 2003ರಲ್ಲಿ ಹೊರಬಿದ್ದವರ ಪೈಕಿ ನೂರಕ್ಕೆ 18.9 ಮಂದಿ ಒಂದಾದರೂ ಪರೀಕ್ಷೆ ಕೊಟ್ಟಿದ್ದರು, ನೂರಕ್ಕೆ 12.2 ಮಂದಿ ಒಂದರಲ್ಲಾದರೂ 3ನ್ನು ಮುಟ್ಟಿದ್ದರು. 2013ರಲ್ಲಿ ಈ ಸಂಖ್ಯೆಗಳು 33.2 ಮತ್ತು 20.1. ಕುಳಿತವರನ್ನು ಮಾತ್ರ ಎಣಿಸಿದರೆ ತೇರ್ಗಡೆಯು ಸುಮಾರು 65ರಿಂದ 61ಕ್ಕೆ ಇಳಿದಂತೆ ತೋರುವುದು. ಇಡೀ ತರಗತಿಯನ್ನು ಎಣಿಸಿದರೆ ಬಹಳ ಏರಿರುವುದು. ಇಡೀ ತರಗತಿಯನ್ನೇ ಛೇದವಾಗಿ ಇಟ್ಟುಕೊಂಡಿರುವುದು ಆ ವರದಿಯ ಗುಣವೆನ್ನಬೇಕು.

ವಿಷಯ ವಿಷಯಗಳನ್ನು ಹೋಲಿಸುವಲ್ಲಿಯೂ ಇದೇ ತೊಡಕು. ಕಲನಶಾಸ್ತ್ರದ ಎರಡು ಪರೀಕ್ಷೆಗಳಲ್ಲಿ ಬಿ.ಸಿ.ಯು ಎ.ಬಿ.ಯ ಪಾಠಗಳೆಲ್ಲವನ್ನೂ ಒಳಗೊಂಡು ಇನ್ನೂ ಮುಂದೆ ಹೋಗತಕ್ಕುದು. ಆದರೂ 2023ರಲ್ಲಿ ಎ.ಬಿ.ಯಲ್ಲಿ ನೂರಕ್ಕೆ ಸುಮಾರು 58, ಬಿ.ಸಿ.ಯಲ್ಲಿ ಸುಮಾರು 78 ಮಂದಿ ತೇರ್ಗಡೆಯಾದರು. ಕಠಿನವಾದುದನ್ನು ಗಣಿತದಲ್ಲಿ ಮೊದಲೇ ಗಟ್ಟಿಗರಾದವರು ಆರಿಸಿಕೊಳ್ಳುವುದೇ ಇದಕ್ಕೆ ಮುಖ್ಯ ಕಾರಣ.

ಇನ್ನು ಅಳತೆಗೋಲೇ ಬದಲಾಗುವುದೂ ಉಂಟು. ಅಮೆರಿಕಾ ಚರಿತ್ರೆಯ ಪರೀಕ್ಷೆಯಲ್ಲಿ 2023ರಲ್ಲಿ ನೂರಕ್ಕೆ ಸುಮಾರು 48 ಇದ್ದ ತೇರ್ಗಡೆಯು 2024ರಲ್ಲಿ 72ಕ್ಕೆ ಏರಿತು. ಒಂದು ವರ್ಷದಲ್ಲಿ ಮಕ್ಕಳ ಜ್ಞಾನ ಅಷ್ಟು ಬೆಳೆಯಿತೆಂದು ಯಾರೂ ಹೇಳರು. ಅಂಕಗಳ ಮೇರೆಗಳನ್ನು ಬೋರ್ಡು ಹೊಸ ಕ್ರಮದಿಂದ ಗೊತ್ತುಮಾಡಿತು.

ಹಾಗೆಂದು ಪರೀಕ್ಷೆಗೆ ಕುಳಿತವರ ಸಂಖ್ಯೆಯೊಂದನ್ನೇ ಕೊಂಡಾಡುವುದೂ ಸಲ್ಲದು. ಪತ್ರಿಕಾಕರ್ತರಾದ ಜೇ ಮ್ಯಾಥ್ಯೂಸ್ ಅವರು 1998ರಲ್ಲಿ ಹೊರತಂದ ಚಾಲೆಂಜ್ ಇಂಡೆಕ್ಸ್ ಎಂಬ ಸೂಚಿಯು, ಕೊಟ್ಟ ಪರೀಕ್ಷೆಗಳ ಸಂಖ್ಯೆಯನ್ನು ಶಾಲೆ ಮುಗಿಸಿದವರ ಸಂಖ್ಯೆಯಿಂದ ಭಾಗಿಸಿತು, ಫಲವನ್ನು ಗಣಿಸಲಿಲ್ಲ. ಬಾಗಿಲು ತೆರೆದ ಶಾಲೆಗೆ ಅದು ಮನ್ನಣೆ ಕೊಟ್ಟಿತು. ಆದರೆ ಒಳಗೆ ಬಂದವರು ಏನು ಕಲಿತರೆಂಬುದನ್ನು ತಿಳಿಸದು.

ಆದುದರಿಂದ ತರಗತಿಯಲ್ಲಿದ್ದವರೆಷ್ಟು, ಕುಳಿತವರೆಷ್ಟು, ತೇರಿದವರೆಷ್ಟು ಎಂಬ ಮೂರನ್ನೂ ಜತೆಯಲ್ಲಿಟ್ಟು ನೋಡಿದಲ್ಲದೆ ತೀರ್ಪು ನ್ಯಾಯವಾಗದು. ತೇರ್ಗಡೆಯ ಪ್ರಮಾಣವೊಂದಕ್ಕೇ ಬಹುಮಾನವಿಟ್ಟರೆ, ಸಂಶಯಾಸ್ಪದನಾದ ವಿದ್ಯಾರ್ಥಿಯನ್ನು ಹೊರಗಿಡುವುದೇ ಶಾಲೆಗೆ ಸುಲಭವಾದ ದಾರಿಯಾಗುವುದು. ಹಾಗೆ ಹೊರಗುಳಿದವನು ತೇರಿದವರಲ್ಲಿಯೂ ಇಲ್ಲ, ತಪ್ಪಿದವರಲ್ಲಿಯೂ ಇಲ್ಲ. ಅವನ ನಷ್ಟವು ಆ ಪ್ರಮಾಣದಲ್ಲಿ ಕಾಣಿಸುವುದೇ ಇಲ್ಲ.